ಅಪ್‌ಡೇಟ್: ಹುಬ್ಬಳ್ಳಿಯಲ್ಲಿ ನಮ್ಮ ಡಾಕ್ಟರ್‌ಗಳ ಗುಂಪು ಶುರುವಾಯಿತು

ರೋಗಿ ತೀರಿಕೊಂಡಾಗ ಆ ಸಂಕಟವನ್ನು ನಾವು ಡಾಕ್ಟರ್‌ಗಳು ಯಾರ ಹತ್ತಿರ ಹೇಳಿಕೊಳ್ಳಬೇಕು, ನಮ್ಮಂಥವರೇ ಸೇರಿ ಒಂದು ಗುಂಪು ಮಾಡಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ. ಗುಂಪು ನಡೆಯುತ್ತಿದೆ.

ನಿಮ್ಮಲ್ಲೊಬ್ಬರು ಹೇಳಿದ ಬಾಲಿಂಟ್ ಗುಂಪಿನ ದಾರಿಯನ್ನೇ ಹಿಡಿದೆವು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮನೋವಿಶ್ಲೇಷಕ ಮೈಕಲ್ ಬಾಲಿಂಟ್ ಫ್ಯಾಮಿಲಿ ಡಾಕ್ಟರ್‌ಗಳ ಜೊತೆ ಬೆಳೆಸಿದ ಪದ್ಧತಿ ಇದು. ಒಬ್ಬರು ತಮ್ಮನ್ನು ಕಾಡುತ್ತಿರುವ ರೋಗಿಯ ಬಗ್ಗೆ ಹೇಳುತ್ತಾರೆ, ಹೆಸರು ಹೇಳದೆ. ಆಮೇಲೆ ಅವರು ಸುಮ್ನೆ ಕೂತು ಕೇಳಬೇಕು. ಆ ರೋಗಿಗೆ, ಆ ಡಾಕ್ಟರಿಗೆ ಏನನ್ನಿಸಿರಬಹುದು ಅಂತ ಉಳಿದವರು ಮಾತಾಡುತ್ತಾರೆ. ಔಷಧ, ಡೋಸ್ ಚರ್ಚೆ ಇಲ್ಲ. ಇದೇ ಜಾಸ್ತಿ ಕಷ್ಟವಾಯಿತು. "ಇಸಿಜಿ ಯಾವಾಗ ಮಾಡಿಸಿದ್ರಿ?" ಅಂತ ಬಾಯಿಗೆ ಬಂದೇ ಬಿಡುತ್ತದೆ. ಆ ಪ್ರಶ್ನೆ ಬಂದ ಕೂಡಲೇ ಹೇಳುವವರು ತಮ್ಮದು ತಪ್ಪಿಲ್ಲ ಅಂತ ವಾದಿಸಲು ನಿಲ್ಲುತ್ತಾರೆ. ಮನಸ್ಸಿನ ಮಾತು ಅಲ್ಲಿಗೇ ಮುಗಿಯುತ್ತದೆ.

ಧಾರವಾಡದ ಹಿರಿಯ ಮನೋವೈದ್ಯರೊಬ್ಬರು ಗುಂಪು ನಡೆಸಿಕೊಡುತ್ತಾರೆ. ಸೀನಿಯರ್, ಜೂನಿಯರ್‌ಗಳನ್ನು ಒಟ್ಟಿಗೆ ಕೂರಿಸಬೇಡಿ ಅಂತ ಹೇಳಿದ್ದಿರಿ. ಸರಿಯಾದ ಮಾತು. ಯೂನಿಟ್ ಚೀಫ್ ಎದುರು ಯಾವ ಪಿಜಿ (ಸ್ನಾತಕೋತ್ತರ ಓದುತ್ತಿರುವ ಕಿರಿಯ ಡಾಕ್ಟರ್) ಬಾಯಿ ಬಿಡುತ್ತಾರೆ, ಅಲ್ವಾ? ಪಿಜಿಗಳಿಗೆ ಬೇರೆ ಗುಂಪು ಮಾಡಿದೆವು.

ಡ್ಯೂಟಿ ಗಂಟೆ ಮಾತ್ರ ಕಡಿಮೆಯಾಗಿಲ್ಲ. ಅದನ್ನು ಆಸ್ಪತ್ರೆಗಳೇ ಮಾಡಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಗುಂಪು ಸಾಲದು. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ, ರಾತ್ರಿಹೊತ್ತೂ ಸಿಗುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಗದಗ, ಹಾವೇರಿ ಕಡೆ ಯಾರಾದರೂ ಶುರು ಮಾಡುವುದಿದ್ದರೆ ಕೇಳಿ, ನಮ್ಮ ನಿಯಮಗಳನ್ನು ಕಳಿಸುತ್ತೇನೆ.