ಕುಂಡದಲ್ಲಿ ಬಿಳಿ ಎಳೆ: ಆರ್ಕಿಡ್ ಬೇರಿಗೆ ಇದು ನೆಂಟನಾ, ಕೊಳೆಯಾ?

ಹಿತ್ತಿಲು_ಶಿರಸಿ:
ಎರಡು ವರ್ಷದ ಫೆಲನಾಪ್ಸಿಸ್ ಆರ್ಕಿಡ್. ಪ್ಲಾಸ್ಟಿಕ್ ಕುಂಡ, ತೆಂಗಿನ ಸಿಪ್ಪೆಯ ಚೂರು. ಮಳೆ ಹಿಡಿದು ಮೂರು ವಾರ ಆಯ್ತು, ಎಲೆ ಸೊರಗಿ ಜೋತುಬಿದ್ದಿವೆ. ನೀರಿಗೇನೂ ಕಮ್ಮಿ ಇಲ್ಲ. ಸಿಪ್ಪೆ ಕೆದಕಿದರೆ ಒಳಗೆಲ್ಲ ಬಿಳಿ ಎಳೆ. ಆರ್ಕಿಡ್ ಬೇರಿಗೂ ಶಿಲೀಂಧ್ರಕ್ಕೂ ನೆಂಟಸ್ತಿಕೆ ಅಂತ ಓದಿದ್ದೆ, ಅದಕ್ಕೇ ಮುಟ್ಟಲಿಲ್ಲ. ಕಾಳುಮೆಣಸಿಗೆ ತಂದ ಮೈಕೊರೈಜಾ (ಬೇರಿನ ಜೊತೆ ಕೂಡಿ ಬಾಳೋ ಶಿಲೀಂಧ್ರ) ಪುಡಿ ಉಳಿದಿದೆ, ಹಾಕಲಾ? ಇಲ್ಲಾ ಅಡಿಕೆ ಕೊಳೆಗೆ ಮಾಡಿದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಒಂದು ಚೊಂಬು ಸುರಿಯಲಾ?

ತಾರಸಿತೋಟ:
ಬೋರ್ಡೋ ಬೇಡವೇ ಬೇಡ! ಡೆಂಡ್ರೋಬಿಯಂನಂಥ ಆರ್ಕಿಡ್‌ಗಳಿಗೆ ತಾಮ್ರ ಆಗಿಬರಲ್ಲ. ದಾಲ್ಚಿನ್ನಿ ಪುಡಿ ಉದುರಿಸಿ.

ಬೇರುಬಿಳಲು:
ದಾಲ್ಚಿನ್ನಿ ಕತ್ತರಿಸಿದ ಗಾಯಕ್ಕೆ ಮಾತ್ರ. ಒಳ್ಳೇ ಬೇರಿಗೆ ಬಿದ್ದರೆ ಅದನ್ನೂ ಒಣಗಿಸುತ್ತೆ.

ಆ ಪುಡಿ ಮೆಣಸಿಗೇ ಇರಲಿ. ಅದರಲ್ಲಿರೋದು ಗ್ಲೋಮಸ್ ಅನ್ನೋ ಶಿಲೀಂಧ್ರದ ಬಳಗ, ಆರ್ಕಿಡ್ ಬೇರಿನ ಜೊತೆ ಅದಕ್ಕೆ ಸಂಬಂಧ ಕೂಡಲ್ಲ. ಆರ್ಕಿಡ್‌ನ ನೆಂಟರೇ ಬೇರೆ: ಟುಲಾಸ್ನೆಲ್ಲಾ, ಸೆರಾಟೊಬೇಸಿಡಿಯಂ. ಇವು ಬೇರಿನ ಜೀವಕೋಶದೊಳಗೆ ದಾರದುಂಡೆಯ ಹಾಗೆ ಸುತ್ತಿಕೊಂಡಿರುತ್ತವೆ, ಸೂಕ್ಷ್ಮದರ್ಶಕ ಇಲ್ಲದೆ ಕಾಣಲ್ಲ. ನಿಮಗೆ ಕಂಡಿದ್ದು ಬಹುಶಃ ಸಿಪ್ಪೆ ತಿಂದು ಬದುಕೋ ಶಿಲೀಂಧ್ರ. ಅದು ಬೇರನ್ನು ಕೊಲ್ಲಲ್ಲ, ಸಿಪ್ಪೆ ಹಳಸಿದೆ ಅಂತ ಹೇಳ್ತಿದೆ ಅಷ್ಟೇ.

ಅಂದಹಾಗೆ, ಕಾಡಿನ ಆರ್ಕಿಡ್‌ಗೆ ನೆಂಟ ಬೇಕೇಬೇಕಾಗೋದು ಬೀಜ ಮೊಳೆಯುವಾಗ. ಧೂಳಿನಂಥ ಬೀಜ, ಒಳಗೆ ಬುತ್ತಿ ಇಲ್ಲ. 1922ರಲ್ಲಿ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯ ಜೆಲ್ಲಿ) ಮೇಲೆ ಶಿಲೀಂಧ್ರ ಇಲ್ಲದೇ ಬೀಜ ಮೊಳೆಯಿಸಿ ತೋರಿಸಿದರು. ನಿಮ್ಮ ಗಿಡವೂ ಬಾಟಲಿಯಲ್ಲೇ ಹುಟ್ಟಿದ್ದಿರಬೇಕು. ಕುಂಡಕ್ಕೆ ಬಂದಮೇಲೆ ಬೇರಿನ ಬಿಳಿ ಹೊದಿಕೆಯಲ್ಲಿ ಬ್ಯಾಸಿಲಸ್, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ತಾವಾಗಿಯೇ ಸೇರಿಕೊಳ್ಳುತ್ತವೆ. ಕೆಲವು ಬೇರು ಬೆಳೆಸೋ ಹಾರ್ಮೋನನ್ನೂ ಮಾಡುತ್ತವೆ. ನಾವು ತಂದು ಸುರಿಯಬೇಕಾಗಿಲ್ಲ.

ಈಗ ಗಿಡ ಕಿತ್ತು ಬೇರು ಹಿಸುಕಿ ನೋಡಿ. ಗಟ್ಟಿ ಇದೆಯಾ? ವಾಸನೆ?

ಹಿತ್ತಿಲು_ಶಿರಸಿ:
ಹನ್ನೊಂದರಲ್ಲಿ ನಾಲ್ಕು ಗಟ್ಟಿ. ಉಳಿದವು ಕಂದು. ಎಳೆದರೆ ಮೇಲಿನ ಸಿಪ್ಪೆ ಕಳಚಿ ನಡುವಿನ ನಾರು ಮಾತ್ರ ಕೈಗೆ ಬಂತು. ನಾತ ಇಲ್ಲ.

ಒಂದು ಅರ್ಥ ಆಗ್ತಿಲ್ಲ. ಹಲಸಿನ ಮರದ ಮೇಲಿನ ಕಾಡು ಆರ್ಕಿಡ್, ಸೀತಾಳೆ ದಂಡೆ, ಇಡೀ ಮಳೆಗಾಲ ನೆನೆಯುತ್ತೆ, ಅದಕ್ಯಾಕೆ ಕೊಳೆ ಬರಲ್ಲ?

ಬೇರುಬಿಳಲು:
ಅದರ ಬೇರು ಗಾಳಿಯಲ್ಲಿದೆ. ಮಳೆ ಬಿಟ್ಟ ಗಳಿಗೆಯಲ್ಲಿ ಹಸಿರಿನಿಂದ ಬೆಳ್ಳಿಗೆ ತಿರುಗೋದು ನೋಡಿ. ನಿಮ್ಮ ಕುಂಡದ ಬೇರಿಗೆ ಆ ಬಿಡುವೇ ಇಲ್ಲ.

ನಾತ ಹೊಡೆದು ಲೋಳೆ ಆಗಿದ್ದರೆ ಬ್ಯಾಕ್ಟೀರಿಯಾ ಅನ್ನುತ್ತಿದ್ದೆ. ನಿಮ್ಮದು ಪಿಥಿಯಂ ಅನ್ನೋ ಬೇರುಕೊಳೆ ರೋಗಾಣು ಥರದ್ದು ಅನ್ನಿಸುತ್ತೆ. ಅದೂ, ಅಡಿಕೆ ಕೊಳೆಯ ಫೈಟಾಫ್ತೊರಾನೂ ನಿಜವಾದ ಶಿಲೀಂಧ್ರಗಳಲ್ಲ, ಹಾಗಾಗಿ ಕಾರ್ಬೆಂಡಾಜಿಂ ಅನ್ನೋ ಶಿಲೀಂಧ್ರನಾಶಕ ನಾಟಲ್ಲ. ಮೆಟಲಾಕ್ಸಿಲ್ ಇರೋ ಮದ್ದು ಬೇಕು, ಅಳತೆ ಪೊಟ್ಟಣದ ಮೇಲೆ ಬರೆದಷ್ಟೇ. ಆದರೆ ಮೊದಲು ಬ್ಲೇಡ್ ಬೆಂಕಿಗೆ ಹಿಡಿದು ಕಂದು ಬೇರೆಲ್ಲ ಕತ್ತರಿಸಿ, ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಹಳೇ ಸಿಪ್ಪೆ ಗೊಬ್ಬರಗುಂಡಿಗೆ. ಇದ್ದಿಲು, ಹೆಂಚಿನ ಚೂರು ತುಂಬಿ, ಮಳೆ ಎರಚದ ಕಡೆ ತೂಗುಹಾಕಿ.

ತಾರಸಿತೋಟ:
ಟ್ರೈಕೋಡರ್ಮಾ (ರೋಗಾಣು ಹತ್ತಿಕ್ಕೋ ಒಳ್ಳೇ ಶಿಲೀಂಧ್ರ) ಕೊಡಬಹುದಾ?

ಬೇರುಬಿಳಲು:
ಕೊಡಬಹುದು. ಕಾರ್ಬೆಂಡಾಜಿಂ ಹಾಕಿದ ಕುಂಡಕ್ಕೆ ಮಾತ್ರ ಬೇಡ, ಅದೂ ಸಾಯುತ್ತೆ.

ಹಿತ್ತಿಲು_ಶಿರಸಿ:
ಐದು ವಾರದ ನಂತರ ಬರೀತಿದ್ದೇನೆ. ಎಲೆ ಇನ್ನೂ ಜೋತೇ ಇವೆ. ಆದರೆ ಬುಡದಲ್ಲಿ ಹಸಿರು ತುದಿಯ ಒಂದು ಬೇರು ಹೊರಟಿದೆ, ಕುಂಡ ಬಿಟ್ಟು ಗೋಡೆ ಕಡೆಗೆ. ಒಳಗೆ ತಿರುಗಿಸಲಾ?

ಬೇರುಬಿಳಲು:
ಮುರಿದೀತು. ಅದರ ಪಾಡಿಗೆ ಬಿಡಿ.