ಲ್ಯಾಬಿನಲ್ಲಿ ಟರ್ಬೊ ಸಿ ಇನ್ನೂ ಬೇಕಾ?

ಅಡ್ಮಿನ್: 📷 ಅಣ್ಣನ ಮಗಳ ಮೊದಲ ಸೆಮ್ ಲ್ಯಾಬ್. ಅದೇ ನೀಲಿ ಪರದೆ, ಪ್ರೋಗ್ರಾಂ ಶುರುವಿಗೆ ಅದೇ ವಾಯ್ಡ್ ಮೇನ್ ಸಾಲು, ಪರದೆ ಕೆಲಸಕ್ಕೆ ಅದೇ ಕೋನಿಯೋ ಡಾಟ್ ಎಚ್ ಕಡತ. ಸಿ ಭಾಷೆಯ ಪ್ರೋಗ್ರಾಂ ಬರೆದು ಓಡಿಸುವ ನಮ್ಮ ಹಳೇ ತಂತ್ರಾಂಶ ಟರ್ಬೊ ಸಿ ಇನ್ನೂ ಇದೆ ನೋಡಿ!

ಹುಬ್ಬಳ್ಳಿ ಗೌಡ: ಭಾಳ ಖುಷಿ ಆಯ್ತು. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತಿತ್ತು. ಈಗಿನವರು ವಿಂಡೋಸ್‌ನಲ್ಲಿ ಜಿಸಿಸಿ ಅನ್ನೋ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಹಾಕಿ, ಅದು ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸೋ ಪಾತ್ ಸೆಟ್ ಮಾಡುವಷ್ಟರಲ್ಲೇ ಸುಸ್ತಾಗುತ್ತಾರೆ. ಕಲಿಯೋಕೆ ಟರ್ಬೊನೇ ಸರಿ.

ಹಾಸನದ ಮೇಡಂ: ನನಗೆ ಬೇಜಾರಾಯ್ತು. ನಾನು ಇಂಥದ್ದೇ ಲ್ಯಾಬ್ ನಡೆಸುವವಳು, ಅದಕ್ಕೇ ಹೇಳುತ್ತೇನೆ. ಟರ್ಬೊ ಸಿ, ಜಿಸಿಸಿ ಎರಡೂ ಮೊದಲು ಬಂದದ್ದು 1987ರಲ್ಲೇ. ಜಿಸಿಸಿ ಬೆಳೆಯುತ್ತಾ ಹೋಯಿತು. ಲ್ಯಾಬಿನಲ್ಲಿರುವ ಟರ್ಬೊ 90ರ ದಶಕದ ಆರಂಭದಲ್ಲೇ ನಿಂತಿದೆ. ಸಿಯಿಂದ ಬೆಳೆದ ಸಿ ಪ್ಲಸ್ ಪ್ಲಸ್‌ಗೆ ಐಎಸ್‌ಒ ಮಾನದಂಡ ಬಂದದ್ದು 1998ರಲ್ಲಿ, ಹಾಗಾಗಿ ಹೆಸರುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಗುಂಪು ಮಾಡುವ ನೇಮ್‌ಸ್ಪೇಸ್ ಅಂದರೆ ಏನು ಅಂತಲೇ ಟರ್ಬೊಗೆ ಗೊತ್ತಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೂ ಇಲ್ಲ, ಹಳೇ ಡಾಸ್ ಕಂಪ್ಯೂಟರಿನ ಹಾಗೆ ನಟಿಸುವ ಡಾಸ್‌ಬಾಕ್ಸ್ ಬೇಕು.

ಹುಬ್ಬಳ್ಳಿ ಗೌಡ: ಹಳೇದು ಅಂದ ಮಾತ್ರಕ್ಕೆ ಕೆಟ್ಟದ್ದಾ? ಎಫ್7 ಒತ್ತುತ್ತಾ ಒಂದೊಂದೇ ಸಾಲು ನಡೆಸುತ್ತಿದ್ದೆವು. ವಾಚ್ ಕಿಟಕಿಯಲ್ಲಿ ವೇರಿಯಬಲ್ಲಿನ ಬೆಲೆ ಬದಲಾಗೋದು ಕಣ್ಣಿಗೆ ಕಾಣುತ್ತಿತ್ತು. ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ತಲೆಗೆ ಹತ್ತಿದ್ದೇ ಅಲ್ಲಿ. ಏನಾದರೂ ಅನುಮಾನ ಬಂದರೆ ಪದದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಎಫ್1. ಉದಾಹರಣೆ ಸಮೇತ ವಿವರ, ನೆಟ್ಟೂ ಬೇಡ.

ಹಾಸನದ ಮೇಡಂ: ಅದು ನಿಜ, ಗೌಡ್ರೆ. ಕಂಪೈಲರ್, ತಪ್ಪು ಹುಡುಕುವ ಡೀಬಗ್ಗರ್, ಸಹಾಯ ಎಲ್ಲ ಒಂದೇ ಕಡೆ ಸಿಗುವುದು ಹೊಸಬರಿಗೆ ದೊಡ್ಡ ಅನುಕೂಲ. ಕಪ್ಪು ಪರದೆಯಲ್ಲಿ ಜಿಸಿಸಿ ಜೊತೆ ಬಳಸುವ ಜಿಡಿಬಿ ಡೀಬಗ್ಗರ್ ತೆರೆದು ಕೊಟ್ಟರೆ ಮಕ್ಕಳು ಹೆದರುತ್ತಾರೆ, ದಿನಾ ನೋಡುತ್ತೇನೆ.

ಆದರೆ ತಪ್ಪು ಮಾಡಿದಾಗ ಕಂಪೈಲರ್ ಏನು ಹೇಳುತ್ತದೆ ಅನ್ನೋದೇ ಮುಖ್ಯ. ಕೀಬೋರ್ಡಿನಿಂದ ಸಂಖ್ಯೆ ಓದುವ ಸ್ಕ್ಯಾನ್‌ಎಫ್‌ನಲ್ಲಿ, ವೇರಿಯಬಲ್ಲಿನ ವಿಳಾಸ ಕೊಡುವ ಗುರುತು & ಬಿಡೋದು ಎಲ್ಲ ಮಕ್ಕಳೂ ಮಾಡುವ ತಪ್ಪು. & ಬಿಟ್ಟಿದ್ದೀಯ ಅಂತ ಟರ್ಬೊ ಹೇಳುವುದಿಲ್ಲ. ಪ್ರೋಗ್ರಾಂ ಓಡುತ್ತದೆ, ಉತ್ತರ ಏನೇನೋ ಬರುತ್ತದೆ. ಜಿಸಿಸಿಗೆ ಎಚ್ಚರಿಕೆಗಳನ್ನು ತೋರಿಸು ಅನ್ನೋ -ವಾಲ್ ಆಯ್ಕೆ ಸೇರಿಸಿ ನೋಡಿ. ಆ ಸಾಲನ್ನೇ ತೋರಿಸಿ, ಇಲ್ಲಿ ವಿಳಾಸ ಬೇಕಿತ್ತು, ನೀನು ಬರೀ ಸಂಖ್ಯೆ ಕೊಟ್ಟಿದ್ದೀಯ ಅನ್ನುತ್ತದೆ. ಮಗು ತಾನೇ ತಿದ್ದಿಕೊಳ್ಳುತ್ತದೆ.

ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆವರೆಗಿನ ಗುಣಲಬ್ಧ) ಪ್ರೋಗ್ರಾಂ ಗೊತ್ತಲ್ವಾ? 7ಕ್ಕೆ 5040 ಸರಿಯಾಗಿ ಬರುತ್ತದೆ. 8 ಕೊಟ್ಟರೆ 40320 ಬರಬೇಕು, ಟರ್ಬೊದಲ್ಲಿ -25216 ಬರುತ್ತದೆ. ಅಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, 16 ಬಿಟ್, 32767 ದಾಟುವ ಹಾಗಿಲ್ಲ.

ಮ್ಯೂನಿಕ್ ಭಟ್ಟ: ಮೇಡಂ, ಈ ಉದಾಹರಣೆ ಒಪ್ಪಲ್ಲ. ಆರ್ಡುಯಿನೊ ಉನೊ ಆರ್3 ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡಿನಲ್ಲಿ ಇವತ್ತಿಗೂ ಇಂಟ್ 16 ಬಿಟ್, ಅಲ್ಲಿರುವುದೂ ಜಿಸಿಸಿನೇ. ಇಂಟ್ 32 ಬಿಟ್ ಇರುವ ಮಾಮೂಲಿ ಪಿಸಿಯಲ್ಲಿ 13ರ ಫ್ಯಾಕ್ಟೋರಿಯಲ್ ಹಾಕಿ ನೋಡಿ. 622 ಕೋಟಿಗೂ ಜಾಸ್ತಿ ಬರಬೇಕಾದಲ್ಲಿ 1932053504 ಬರುತ್ತದೆ. -ವಾಲ್ ಕೂಡ ತುಟಿ ಪಿಟಕ್ಕೆನ್ನಲ್ಲ. -25216 ನೋಡಿದರೆ ಏನೋ ತಪ್ಪಾಗಿದೆ ಅಂತ ಮಗುವಿಗಾದರೂ ಗೊತ್ತಾಗುತ್ತದೆ. 193 ಕೋಟಿ ನೋಡಿದರೆ ಸರಿ ಅಂದುಕೊಳ್ಳುತ್ತದೆ.

ಹುಬ್ಬಳ್ಳಿ ಗೌಡ: 👏👏 ಹೇಳಿ ಮೇಡಂ!

ಹಾಸನದ ಮೇಡಂ: ಭಟ್ರ ಮಾತು ಸರಿ, 16 ಬಿಟ್ ಅನ್ನೋದೇ ದೋಷವಲ್ಲ. ಆದರೆ 2014ರ 4.9 ಆವೃತ್ತಿಯಿಂದ ಜಿಸಿಸಿಯಲ್ಲಿ ಇಂಥ ತಪ್ಪನ್ನು ಓಡುವಾಗ ಹಿಡಿಯುವ ಸ್ಯಾನಿಟೈಸರ್ ಇದೆ. ಅದನ್ನು ಹಾಕಿ 13 ಕೊಟ್ಟರೆ, 479001600 ಗುಣಿಸು 13 ಇಂಟ್‌ನಲ್ಲಿ ಹಿಡಿಯಲ್ಲ ಅಂತ ಓಡುವಾಗಲೇ ಹೇಳುತ್ತದೆ. ಟರ್ಬೊದಲ್ಲಿ ಇದನ್ನು ಕೇಳುವ ದಾರಿಯೇ ಇಲ್ಲ.

ಮ್ಯೂನಿಕ್ ಭಟ್ಟ: ಅದನ್ನು ಹಾಕಬೇಕು ಅಂತ ಮೊದಲ ಸೆಮ್ ಮಗುವಿಗೆ ಯಾರು ಹೇಳುತ್ತಾರೆ? ಸುಮ್ನೆ ಕಂಪೈಲ್ ಮಾಡಿದರೆ ಜಿಸಿಸಿ ಎಷ್ಟೋ ತಪ್ಪು ಬಿಟ್ಟುಬಿಡುತ್ತದೆ. ನನ್ನ ಕೇಳಿದರೆ ಅದರ ದೊಡ್ಡ ದೋಷವೇ ಅದು.

ಹಾಸನದ ಮೇಡಂ: ಹೇಳಬೇಕಾದವರು ನಾವು, ಮೇಷ್ಟ್ರುಗಳು. ನನ್ನ ಲ್ಯಾಬಿನಲ್ಲಿ ಎಲ್ಲ ಯಂತ್ರಕ್ಕೂ ಮೊದಲೇ -ವಾಲ್, ಸ್ಯಾನಿಟೈಸರ್ ಎರಡನ್ನೂ ಸೇರಿಸಿಟ್ಟಿದ್ದೇನೆ. ಮಕ್ಕಳು ಒಂದೇ ಆದೇಶ ಕೊಟ್ಟರೆ ಸಾಕು. ಎಡಿಟರ್‌ನಲ್ಲೇ ಡೀಬಗ್ಗರ್ ಕೂಡಿಸಿದ್ದೇನೆ, ಗೌಡರು ಹೇಳಿದ ವಾಚ್ ಕಿಟಕಿ ಅಲ್ಲೂ ಇದೆ.

ಹುಬ್ಬಳ್ಳಿ ಗೌಡ: ಹಾಗಿದ್ದರೆ ಸರಿ. ಆದರೆ ಎಲ್ಲ ಕಾಲೇಜಲ್ಲೂ ನಿಮ್ಮಂಥವರು ಇರಲ್ಲ ಮೇಡಂ.

ಅಡ್ಮಿನ್: ಮಗಳಿಗೆ ಎಲ್ಲ ತೋರಿಸಿದೆ. ಲ್ಯಾಬ್ ಪರೀಕ್ಷೆ ಟರ್ಬೊದಲ್ಲೇ ಅಂತೆ. ಏನು ಮಾಡಲಿ?

ಹಾಸನದ ಮೇಡಂ: ಮನೆಯಲ್ಲಿ ಜಿಸಿಸಿ ಹಾಕಿಕೊಡಿ. ವಾಯ್ಡ್ ಮೇನ್ ಬದಲು ಇಂಟ್ ಮೇನ್, ಕೊನೆಗೆ ರಿಟರ್ನ್ 0. ಕೋನಿಯೋ ಬೇಡ. ಹೀಗೆ ಬರೆದ ಲ್ಯಾಬ್ ಪ್ರೋಗ್ರಾಂ ಎರಡರಲ್ಲೂ ಓಡುತ್ತದೆ. ಉತ್ತರ ನೋಡೋಕೆ ಟರ್ಬೊದಲ್ಲಿ ಆಲ್ಟ್ ಎಫ್5 ಒತ್ತಿದರೆ ಸಾಕು.