ಹಳೇ ಮೋರಿಸ್ ಮೈನರ್‌ನ ಹೀಟರ್ ಫ್ಯಾನ್ ಕೈಕೊಡುತ್ತಿದೆ, ಮೋಟರ್ ಬದಲಿಸಲೇಬೇಕಾ?

ಕೇಳಿದವರು, ಸೋಮವಾರಪೇಟೆ ಕಡೆಯಿಂದ:

ಅಜ್ಜನ ಕಾಲದ ಮೋರಿಸ್ ಮೈನರ್ ಕಾರು ಇದೆ, 50ರ ದಶಕದ್ದು. ಹೀಟರ್ ಬೇಕಾಗಿರುವುದು ಚಳಿಗಿಂತ ಮಳೆಗಾಲಕ್ಕೆ. ಮುಂದಿನ ಗಾಜಿಗೆ ಮಂಜು ಕಟ್ಟಿದರೆ ಏನೂ ಕಾಣಲ್ಲ ಅಲ್ವಾ. ಫ್ಯಾನ್ ಒಮ್ಮೊಮ್ಮೆ ನಿಧಾನ ತಿರುಗುತ್ತದೆ, ಡ್ಯಾಶ್‌ಬೋರ್ಡ್ ಕೆಳಗೆ ಬಡಿದರೆ ಜೋರಾಗುತ್ತದೆ. ಮೊನ್ನೆ ಸಂಪಾಜೆ ಘಾಟಿಯಲ್ಲಿ ಫ್ಯೂಸ್ ಹೋಗಿ, ಜೊತೆಗೆ ವೈಪರ್ ಕೂಡ ನಿಂತಿತು. ಗ್ಯಾರೇಜಿನವರು "ಮೋಟರ್ ಹೋಗಿದೆ, ಇಂಗ್ಲೆಂಡಿನಿಂದ ತರಿಸಿ" ಅನ್ನುತ್ತಾರೆ. ತಿಳಿದವರು ಹೇಳಿ.

ವಿರಾಜಪೇಟೆಯಿಂದ:

ತರಿಸಬೇಡಿ, ಸ್ವಲ್ಪ ತಡೆಯಿರಿ. ಬಡಿದರೆ ಓಡುತ್ತದೆ ಅಂದರೆ ಮೋಟರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟಿಲ್ಲ. ಎಲ್ಲೋ ಜಾಯಿಂಟ್ ಸಡಿಲವಾಗಿದೆ, ಇಲ್ಲವೇ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದಿದೆ. ಎರಡೂ ಇಲ್ಲೇ ಸರಿಯಾಗುವ ಕೆಲಸ.

ಮೊದಲು ಅರ್ಥ್ ನೋಡಿ, ಅಂದರೆ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ಸೇರುವ ಜೋಡಣೆ. ಮೈನರ್‌ನಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ, ಈಗಿನ ಗಾಡಿಗಳಿಗೆ ಉಲ್ಟಾ. ಹೊಸ ಹುಡುಗರು ಇಲ್ಲೇ ಎಡವುತ್ತಾರೆ. ಹೀಟರ್ ಆನ್ ಮಾಡಿ, ಫ್ಯಾನ್ ತಿರುಗುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿ ಹತ್ತಿರ ಎಷ್ಟು ವೋಲ್ಟ್, ಮೋಟರ್ ಹತ್ತಿರ ಎಷ್ಟು? ಅಲ್ಲಿ 12 ಇದ್ದು ಇಲ್ಲಿ 9 ಬಂದರೆ ಮೂರು ವೋಲ್ಟ್ ದಾರಿಯಲ್ಲೇ ಹೋಯಿತು. ಆಮೇಲೆ ಮೀಟರಿನ ಒಂದು ಕಡ್ಡಿ ಮೋಟರಿನ ಅರ್ಥ್ ವೈರಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ ಅಂತ ಲೆಕ್ಕ. ಮೋಟರ್ ಬಿಚ್ಚಿಟ್ಟು ಸುಮ್ನೆ ವೈರ್ ತುದಿ ಅಳೆದರೆ ಪ್ರಯೋಜನವಿಲ್ಲ. ಕರೆಂಟ್ ಹರಿಯದಿದ್ದರೆ ಕಿಲುಬು ಹಿಡಿದ ಜಾಯಿಂಟೂ ಪೂರ್ತಿ 12 ತೋರಿಸುತ್ತದೆ.

ನಮ್ಮ ಕಡೆ ಶೆಡ್ಡಿನಲ್ಲಿ ನಿಂತ ಗಾಡಿಗೆ ಈ ಕಿಲುಬೇ ದೊಡ್ಡ ರೋಗ. ನಾಲ್ಕು ತಿಂಗಳ ಮಳೆ, ಗೋಡೆಯೇ ಬೆವರುತ್ತದೆ, ಇನ್ನು ತಾಮ್ರ ಬಿಡುತ್ತದಾ? ಬ್ಯಾಟರಿ ಕಳಚಿ, ಬುಲೆಟ್ ಕನೆಕ್ಟರ್‌ಗಳನ್ನೆಲ್ಲ (ವೈರ್ ತುದಿ ತೂರಿಸಿ ಜೋಡಿಸುವ ಜಾಯಿಂಟ್) ಎಳೆದು ಎಮರಿ ಪೇಪರಿನಲ್ಲಿ ಉಜ್ಜಿ. ಅರ್ಥ್ ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಬಳಿಯಿರಿ. ಸ್ವಿಚ್ಚಿನ ಒಳಗೂ ಹೀಗೇ ಕಪ್ಪಾಗಿರುತ್ತದೆ.

ಒಂದು ಮಾತು: ಡೈನಮೋ ಗಾಡಿ ಐಡಲ್‌ನಲ್ಲಿ ಚಾರ್ಜ್ ಮಾಡುವುದಿಲ್ಲ. ನಿಂತಾಗ ಫ್ಯಾನ್ ತುಸು ನಿಧಾನವಾಗಿ, ಆಕ್ಸಿಲರೇಟರ್ ಒತ್ತಿದಾಗ ಜೋರಾದರೆ ತಲೆ ಕೆಡಿಸಿಕೊಳ್ಳಬೇಡಿ.

ಮಡಿಕೇರಿಯಿಂದ:

ಅಣ್ಣ ಹೇಳಿದ್ದು ಸರಿ, ಆದರೆ ಅರ್ಥ್ ಸರಿ ಮಾಡಿದರೆ ಫ್ಯೂಸ್ ಹೋಗುವುದು ನಿಲ್ಲಲ್ಲ. ಅದು ಬೇರೆ ಕಾಯಿಲೆ. ಎಲ್ಲೋ ವೈರಿನ ಸಿಪ್ಪೆ ಹೋಗಿ ಬಾಡಿಗೆ ತಾಗುತ್ತಿದೆ. ನಮ್ಮ ಗಾಡಿಯಲ್ಲಿ ಇಲಿ ಕಡಿದಿತ್ತು. ಬ್ಯಾಟರಿಯಿಂದ ಇಂಜಿನ್ ಬೇಗೆಯ ಹತ್ತಿರ ಹಾದು ಬರುವ ವೈರ್‌ಗಳನ್ನೂ, ತಗಡಿನ ತೂತಿನಲ್ಲಿ ರಬ್ಬರ್ ಉದುರಿರುವ ಜಾಗವನ್ನೂ ನೋಡಿ.

ಹುಡುಕಲು ಸುಲಭದ ಉಪಾಯ: ಹೋದ ಫ್ಯೂಸಿನ ಜಾಗಕ್ಕೆ 12 ವೋಲ್ಟಿನ 21 ವ್ಯಾಟ್ ಬಲ್ಬ್ ಕಟ್ಟಿ. ಎರಡು ವ್ಯಾಟಿನ ಸಣ್ಣ ಬಲ್ಬ್ ಬೇಡ, ಇಂಡಿಕೇಟರಿನದ್ದೇ ಸಾಕು. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆದರೆ ಎರಡು ಆಂಪಿಯರ್ ಒಳಗೇ ಕರೆಂಟ್ ನಿಲ್ಲುವುದರಿಂದ ವೈರ್ ಸುಡಲ್ಲ. ಹೀಟರ್, ವೈಪರ್, ಬ್ರೇಕ್ ಲೈಟ್ ವೈರ್‌ಗಳನ್ನು ಒಂದೊಂದಾಗಿ ಕಳಚಿ. ಯಾವುದನ್ನು ತೆಗೆದಾಗ ಬಲ್ಬ್ ಆರುತ್ತದೋ ಅದೇ ಕಳ್ಳ. ಘಾಟಿಯ ತಿರುವಿನಲ್ಲಿ ಮಾತ್ರ ತಾಗುವ ವೈರ್ ಆದರೆ, ಬಲ್ಬ್ ನೋಡುತ್ತಾ ಒಬ್ಬರು ಕೂತು, ಇನ್ನೊಬ್ಬರು ವೈರ್ ಕಟ್ಟನ್ನು ಅಲ್ಲಾಡಿಸಿ.

ಫ್ಯೂಸ್ ಬಗ್ಗೆ ದಯವಿಟ್ಟು ಎಚ್ಚರ. ಆ ಗಾಡಿಯ ಫ್ಯೂಸ್ ಮೇಲೆ 35 ಅಂತ ಇರುವುದು ಅದು ಕರಗುವ ಆಂಪಿಯರ್. ನಿರಂತರವಾಗಿ ತಾಳುವುದು ಸುಮಾರು ಅದರ ಅರ್ಧ. ಈಗ ಅಂಗಡಿಯಲ್ಲಿ ಸಿಗುವುದರ ಮೇಲೆ ಬಹುತೇಕ ತಾಳುವ ಲೆಕ್ಕವೇ ಬರೆದಿರುತ್ತದೆ. ಹಾಗಾಗಿ 35 ಕೊಡಿ ಅಂತ ತಂದು ಹಾಕಿದರೆ ಫ್ಯೂಸಿಗಿಂತ ಮೊದಲು ವೈರೇ ಸುಡಬಹುದು. ಬೆಳ್ಳಿ ಕಾಗದ ಸುತ್ತುವುದಂತೂ ಬೇಡವೇ ಬೇಡ.

ಕುಶಾಲನಗರದಿಂದ:

ಫ್ಯಾನ್ ಜೋರಾಗಿ ತಿರುಗಿಯೂ ಗಾಳಿ ತಣ್ಣಗಿದ್ದರೆ ಕರೆಂಟ್ ಹುಡುಕಬೇಡಿ. ಬಿಸಿ ನೀರಿನ ನಲ್ಲಿ ಮುಚ್ಚಿದೆಯಾ, ಪೈಪಿನಲ್ಲಿ ಗಾಳಿ ಸಿಕ್ಕಿದೆಯಾ ನೋಡಿ. ಇನ್ನು ಬೇರೆ ಗಾಡಿಯ ಮೋಟರ್ ಹಾಕಿದರೆ ಉಲ್ಟಾ ತಿರುಗಬಹುದು, ಆಗಲೂ ಗಾಳಿ ಬರುತ್ತದೆ ಆದರೆ ಸೊರಗಿರುತ್ತದೆ. ಒಳಗೆ ಕಾಯಂ ಆಯಸ್ಕಾಂತ ಇರುವ ಮೋಟರ್ ಆದರೆ ಎರಡು ವೈರ್ ಅದಲುಬದಲು ಮಾಡಿದರಾಯ್ತು.

ಕೇಳಿದವರು:

ಅರ್ಥ್‌ನಲ್ಲೇ ಎರಡು ವೋಲ್ಟಿಗಿಂತ ಜಾಸ್ತಿ ಹೋಗುತ್ತಿತ್ತು! ಉಜ್ಜಿದ ಮೇಲೆ ಫ್ಯಾನ್ ಬಡಿಯದೇ ಓಡುತ್ತಿದೆ. ಶಾರ್ಟ್ ಇನ್ನೂ ಸಿಕ್ಕಿಲ್ಲ, ನಾಳೆ ಬಲ್ಬ್ ಕಟ್ಟುತ್ತೇನೆ.

ಮಡಿಕೇರಿಯಿಂದ:

ಸಿಗುವ ತನಕ ಹೀಟರ್‌ಗೆ ಬೇರೆಯೇ ಇನ್‌ಲೈನ್ ಫ್ಯೂಸ್ (ವೈರಿನ ನಡುವೆಯೇ ಕೂರುವಂಥದ್ದು) ಹಾಕಿಬಿಡಿ. ಹೀಟರ್ ಲೈನಿನಲ್ಲೇ ಶಾರ್ಟ್ ಆಗಿದ್ದರೆ, ಆ ಫ್ಯೂಸ್ ಹೋದರೂ ವೈಪರ್ ಉಳಿಯುತ್ತದೆ.